ಐಎನ್‌ಎಸ್ ಸುನಯನಾ: ಕಾರವಾರದಿಂದ ಹೊರಟು ಕೊಚ್ಚಿ ಮುಟ್ಟಿದ ಹಡಗಿನ ವಿವರ ಮತ್ತು ಓಡಾಟ

ಕಡಲಕಾಗೆ:
2025ರ ಏಪ್ರಿಲ್ 5ರಂದು ಕಾರವಾರದ ನೌಕಾನೆಲೆಯಿಂದ ಐಎನ್‌ಎಸ್ ಸುನಯನಾ ಹೊರಟಿತ್ತಲ್ಲ, ಅದು ಮೇ 8ಕ್ಕೆ ಕೊಚ್ಚಿ ಮುಟ್ಟಿತು. ಹೊರಡುವಾಗ ರಕ್ಷಣಾ ಸಚಿವ ರಾಜನಾಥ್ ಸಿಂಗ್ ಬಂದಿದ್ದರು, ಹಾಗಾಗಿ ಫೋಟೋ ಎಲ್ಲ ಕಡೆ ಬಂತು. ವಾಪಸ್ ಬಂದದ್ದನ್ನು ಹೆಚ್ಚು ಜನ ಗಮನಿಸಲಿಲ್ಲ. ಆ ವಾರ ಎಲ್ಲರ ಕಣ್ಣು ಪಾಕಿಸ್ತಾನದ ಗಡಿಯ ಕಡೆ ಇತ್ತು.

ನನ್ನ ಹತ್ತಿರ ಇರುವ ವಿವರ ಒಂದೇ ಕಡೆ ಹಾಕುತ್ತೇನೆ. ತಪ್ಪಿದ್ದರೆ ತಿದ್ದಿ.

ಸರಯೂ ವರ್ಗದ ಕಾವಲು ಹಡಗು ಇದು. ಈ ವರ್ಗದಲ್ಲಿ ನಾಲ್ಕು ಹಡಗುಗಳಿವೆ: ಸರಯೂ, ಸುನಯನಾ, ಸುಮೇಧಾ, ಸುಮಿತ್ರಾ. ನಾಲ್ಕನ್ನೂ ಕಟ್ಟಿದ್ದು ಗೋವಾ ಶಿಪ್‌ಯಾರ್ಡ್. ಸುನಯನಾ ನೌಕಾಪಡೆಗೆ ಸೇರಿದ್ದು 2013ರ ಅಕ್ಟೋಬರ್ 15ರಂದು, ಕೊಚ್ಚಿಯಲ್ಲಿ. ಉದ್ದ 105 ಮೀಟರ್, ಅಗಲ 13 ಮೀಟರಿಗೆ ಸ್ವಲ್ಪ ಕಮ್ಮಿ, ತೂಕ 2,200 ಟನ್ ಮೇಲೆ. ಎರಡು ಡೀಸೆಲ್ ಎಂಜಿನ್, ಗರಿಷ್ಠ ವೇಗ 25 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲು, ಸುಮಾರು 1.85 ಕಿಲೋಮೀಟರ್). 16 ನಾಟ್‌ನಲ್ಲಿ ಹೋದರೆ 6,000 ನಾಟಿಕಲ್ ಮೈಲು ಓಡುತ್ತದೆ. ಮುಂದುಗಡೆ ಒಂದು 76 ಮಿಮೀ ತೋಪು, ಜೊತೆಗೆ 30 ಮಿಮೀ ಎಕೆ-630 ಎರಡು. ಹಿಂದುಗಡೆ ಹೆಲಿಕಾಪ್ಟರ್ ಇಳಿಯುವ ಡೆಕ್. ಮೈಮೇಲಿನ ನಂಬರ್ ಪಿ57.

ಈ ಸಲ ಹೋದ ದಾರಿ: ಕಾರವಾರ, ತಾಂಜಾನಿಯಾದ ದಾರ್ ಎಸ್ ಸಲಾಮ್, ಮೊಜಾಂಬಿಕ್‌ನ ನಕಾಲಾ, ಮಾರಿಷಸ್‌ನ ಪೋರ್ಟ್ ಲೂಯಿ, ಸೇಶೆಲ್ಸ್‌ನ ಪೋರ್ಟ್ ವಿಕ್ಟೋರಿಯಾ, ಮಾಲ್ಡೀವ್ಸ್‌ನ ಮಾಲೆ, ಕೊನೆಗೆ ಕೊಚ್ಚಿ. ಈ ಯಾನಕ್ಕೆ ಐಒಎಸ್ (ಇಂಡಿಯನ್ ಓಷನ್ ಶಿಪ್) ಸಾಗರ್ ಅಂತ ಹೆಸರಿಟ್ಟಿದ್ದರು. ನಮ್ಮ ನಾವಿಕರ ಜೊತೆ 9 ದೇಶಗಳ 44 ನೌಕಾ ಸಿಬ್ಬಂದಿ ಹಡಗಿನಲ್ಲಿದ್ದರು.

ನನ್ನ ಅನುಮಾನ ಇಷ್ಟೇ. ಇಷ್ಟುದ್ದ ಹಡಗಿಗೆ ಒಂದೂ ಕ್ಷಿಪಣಿ ಇಲ್ಲ. ಕಾರವಾರದ ಬೀಚಿನಲ್ಲಿ ಮ್ಯೂಸಿಯಂ ಆಗಿ ನಿಂತಿರುವ ಚಪಲ್ ಇದರ ಅರ್ಧ ಉದ್ದವೂ ಇಲ್ಲ, ಆದರೂ ಅದರ ಮೇಲೆ ನಾಲ್ಕು ಕ್ಷಿಪಣಿ ಇದ್ದವು. ಯಾಕೆ ಹೀಗೆ?

ಮಲೆನಾಡಿನವ:
ಮೊದಲು ನನ್ನದೊಂದು ದಡ್ಡ ಪ್ರಶ್ನೆ. ಐಎನ್‌ಎಸ್ ಕದಂಬ ಅನ್ನೋ ಹಡಗೂ ಕಾರವಾರದಲ್ಲೇ ಇದೆ ಅಲ್ವಾ? ಅದು ಇದಕ್ಕಿಂತ ದೊಡ್ಡದಾ?

ಕಡಲಕಾಗೆ:
ನಗಬಾರದು ಅಂದುಕೊಂಡೆ, ಆಗಲಿಲ್ಲ. ಕದಂಬ ಹಡಗಲ್ಲ ಮಾರಾಯ್ರೇ, ಆ ಇಡೀ ನೆಲೆಯ ಹೆಸರು. 2005ರಲ್ಲಿ ಶುರುವಾಯಿತು. ನೌಕಾಪಡೆಯಲ್ಲಿ ದಡದ ಮೇಲಿನ ನೆಲೆಗಳಿಗೂ ಐಎನ್‌ಎಸ್ ಅಂತಲೇ ಹೆಸರಿಡುತ್ತಾರೆ. ಅದು ತೇಲುವುದೂ ಇಲ್ಲ, ಮುಳುಗುವುದೂ ಇಲ್ಲ. ನಿಮ್ಮೊಬ್ಬರಿಗೇ ಆದ ಗೊಂದಲ ಅಲ್ಲ ಬಿಡಿ, ಕಾರವಾರದವರೇ ಎಷ್ಟೋ ಜನ ಕೇಳಿದ್ದಾರೆ.

ತೋಪಿನವ:
ಕ್ಷಿಪಣಿ ಇಲ್ಲದ್ದು ಮರೆತು ಹೋಗಿ ಅಲ್ಲ. ಈ ಹಡಗಿನ ಕೆಲಸವೇ ಬೇರೆ. ಚಪಲ್ ಥರದ್ದು ಓಡಿ ಹೋಗಿ ಹೊಡೆದು ಬರುವ ಬೋಟು. 250 ಟನ್ನೂ ತೂಗುವುದಿಲ್ಲ. ದೂರದ ಕಡಲಲ್ಲಿ ವಾರಗಟ್ಟಲೆ ನಿಲ್ಲು ಅಂದರೆ ನಿಲ್ಲಲಾರದು. ಸುನಯನಾ ನಿಲ್ಲುತ್ತದೆ.

76 ಮಿಮೀ ತೋಪನ್ನೂ ಹಗುರವಾಗಿ ನೋಡಬೇಡಿ. ಇಟಲಿಯ ಓಟೋ ಮೆಲಾರಾ ವಿನ್ಯಾಸ ಅದು, ನಮ್ಮಲ್ಲಿ ಹರಿದ್ವಾರದ ಬಿಎಚ್‌ಇಎಲ್ ಮಾಡುತ್ತದೆ. ನಿಮಿಷಕ್ಕೆ 120 ಗುಂಡು ಹಾರಿಸುತ್ತದೆ. ಇದೇ ತೋಪು ನಮ್ಮ ದೊಡ್ಡ ಯುದ್ಧನೌಕೆಗಳ ಮೇಲೂ ಇದೆ. ಎಕೆ-630 ಅಂದರೆ ಆರು ನಳಿಗೆಯ ಗನ್. ಹತ್ತಿರ ಬಂದ ಕ್ಷಿಪಣಿಯನ್ನೋ ವಿಮಾನವನ್ನೋ ಕೊನೇ ಗಳಿಗೆಯಲ್ಲಿ ತಡೆಯುವುದಕ್ಕೆ. ಕಡಲ್ಗಳ್ಳರ ದೋಣಿಗೆ ಇಷ್ಟು ಸಾಕು ಸಾಕು.

ನೇರಮಾತು:
ಯಾರೂ ಬೇಜಾರು ಮಾಡ್ಕೋಬೇಡಿ. ಬಂದರಿಂದ ಬಂದರಿಗೆ ಹೋಗಿ ಕೈ ಕುಲುಕಿ ಬಂದ ಹಡಗಿಗೆ ಇಷ್ಟು ಸಂಭ್ರಮ ಯಾಕೆ? ಕಾವಲು ಕೆಲಸಕ್ಕೆ ಕೋಸ್ಟ್ ಗಾರ್ಡ್ ಇದೆ. ಗೋವಾದವರು ಅವರಿಗೂ ಇದೇ 105 ಮೀಟರ್ ಉದ್ದದ ಹಡಗು ಕಟ್ಟಿಕೊಟ್ಟಿದ್ದಾರೆ. ನೌಕಾಪಡೆ ಅಂದ ಮೇಲೆ ಯುದ್ಧ ಮಾಡುವ ಹಡಗಿಗೆ ದುಡ್ಡು ಹಾಕಬೇಕು. ಇದರ ಮೇಲೆ ಶತ್ರುವಿನ ಒಂದು ಕ್ಷಿಪಣಿ ಬಿದ್ದರೆ ಕಥೆ ಮುಗಿಯಿತು.

ಎಂಜಿನ್ ಕೋಣೆ:
ನೇರಮಾತು ಅವರೇ, ನಿಮ್ಮ ಕೊನೇ ಸಾಲಿಗೆ ನನ್ನ ತಕರಾರಿಲ್ಲ. ಬಾಕಿ ಎಲ್ಲದಕ್ಕೂ ಇದೆ.

ನಾನು ಮರ್ಚೆಂಟ್ ನೇವಿಯಲ್ಲಿ ಎಂಜಿನಿಯರ್ ಆಗಿದ್ದವನು. ಯುದ್ಧನೌಕೆ ಹತ್ತಿದವನಲ್ಲ, ಆದರೆ ಎಣ್ಣೆಯ ಲೆಕ್ಕ ಎಲ್ಲ ಹಡಗಿಗೂ ಒಂದೇ. ಈ ಹಡಗಿನ ಬಗ್ಗೆ ನೆನಪಿಡಬೇಕಾದ ನಂಬರ್ 25 ಅಲ್ಲ, 6,000. ಅದು ಹತ್ತಿರ ಹತ್ತಿರ 11,100 ಕಿಲೋಮೀಟರ್. 16 ನಾಟ್ ಅಂದರೆ ಗಂಟೆಗೆ 30 ಕಿಲೋಮೀಟರಿಗೆ ಸ್ವಲ್ಪ ಕಮ್ಮಿ. ಭಾಗಿಸಿ ನೋಡಿ, 375 ಗಂಟೆ ಬರುತ್ತದೆ. ಹದಿನೈದೂವರೆ ದಿನ ಹಗಲೂ ರಾತ್ರಿ ನಿಲ್ಲದೆ ಓಡಬಹುದು. ಓಡುವುದು ಬಿಟ್ಟು ಒಂದು ಜಾಗದಲ್ಲಿ ನಿಧಾನಕ್ಕೆ ಸುತ್ತುತ್ತಾ ಕಾದರೆ ಇನ್ನೂ ಜಾಸ್ತಿ ದಿನ.

ಈಗ ಅದೇ ಹಡಗನ್ನು 25 ನಾಟ್‌ಗೆ ಎಬ್ಬಿಸಿ. ನೀರಿನಲ್ಲಿ ವೇಗ ಹೆಚ್ಚಿದ ಹಾಗೆ ಬೇಕಾಗುವ ಶಕ್ತಿ ಸುಮಾರಾಗಿ ಅದರ ಘನದ ಲೆಕ್ಕದಲ್ಲಿ ಏರುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. 16ರಿಂದ 25ಕ್ಕೆ ಹೋದರೆ ಹತ್ತಿರ ಹತ್ತಿರ ನಾಲ್ಕು ಪಟ್ಟು. ಬೇಗ ತಲುಪುತ್ತೀರಿ ನಿಜ, ಆದರೂ ಒಂದೊಂದು ಮೈಲಿಗೆ ಸುಡುವ ಎಣ್ಣೆ ಎರಡೂವರೆ ಪಟ್ಟಿನ ಹತ್ತಿರ ಬರುತ್ತದೆ. ಆಗ 6,000 ಇದ್ದದ್ದು 2,500ಕ್ಕೆ ಇಳಿಯುತ್ತದೆ. ಇದು ಕಾಗದದ ಮೇಲಿನ ಲೆಕ್ಕ. ಅಲೆ, ಗಾಳಿ, ತಳಕ್ಕೆ ಹಿಡಿದ ಪಾಚಿ ಎಲ್ಲ ಸೇರಿದರೆ ಇನ್ನೂ ಕಮ್ಮಿ. ಹಾಗಾಗಿ ಗರಿಷ್ಠ ವೇಗ ಅನ್ನುವುದು ಹಬ್ಬದ ಬಟ್ಟೆ ಇದ್ದ ಹಾಗೆ. ದಿನಾ ಹಾಕುವುದಲ್ಲ.

ಈ ಯಾನದ್ದೇ ಲೆಕ್ಕ ತೆಗೆದುಕೊಳ್ಳಿ. ಕಾರವಾರದಿಂದ ದಾರ್ ಎಸ್ ಸಲಾಮ್‌ಗೆ ನಕಾಶೆಯಲ್ಲಿ ಅಳೆದೆ, ಸುಮಾರು 2,450 ನಾಟಿಕಲ್ ಮೈಲು. 5ಕ್ಕೆ ಹೊರಟು 12ಕ್ಕೆ ತಲುಪಿದ್ದಾರೆ. ಸರಾಸರಿ ವೇಗ 14, 15 ನಾಟ್. ಕಡತದಲ್ಲಿ ಹೇಳಿರುವ 16ಕ್ಕೆ ಎಷ್ಟು ಹತ್ತಿರ ಇದೆ ನೋಡಿ. ನಕಾಲಾದಿಂದ ಪೋರ್ಟ್ ಲೂಯಿಗೆ ಮಡಗಾಸ್ಕರ್‌ನ ಉತ್ತರದ ತುದಿ ಬಳಸಿಕೊಂಡು ಹೋದರು ಅಂತ ಹಿಡಿದರೆ ಇಡೀ ಸುತ್ತು 6,500 ದಾಟುತ್ತದೆ. ಒಂದು ಟ್ಯಾಂಕ್ ಎಣ್ಣೆಯಲ್ಲಿ ಆಗುವುದಿಲ್ಲ. ಟ್ಯಾಂಕ್ ಪೂರ್ತಿ ಒಣಗಿಸಿಕೊಂಡು ಯಾವ ಹಡಗೂ ಬಂದರಿಗೆ ಬರುವುದೂ ಇಲ್ಲ. ನಡುವೆ ಎಲ್ಲೋ ಎಣ್ಣೆ ತುಂಬಿಸಿದ್ದಾರೆ, ಬಂದರು ಭೇಟಿ ಅಂದರೆ ಅದೂ ಒಂದು ಕೆಲಸ. ಕೈ ಕುಲುಕಿದ್ದು ನಿಜ, ಪೈಪೂ ಜೋಡಿಸಿದ್ದಾರೆ.

ಮಲೆನಾಡಿನವ:
ಸರ್, ಈ ಘನದ ಲೆಕ್ಕ ಶಾಲೆಯಲ್ಲಿ ಹೀಗೆ ಹೇಳಿಕೊಟ್ಟಿದ್ದರೆ ನಾನೂ ಎಂಜಿನಿಯರ್ ಆಗುತ್ತಿದ್ದೆ.

ಪರ್ಸೀನ್ ಬೋಟು:
ನಾವು ಮೀನಿಗೆ ಹೋಗುವವರು. ದೂರದಿಂದ ನಮಗೆ ಗೊತ್ತಾಗುವುದು ಬಣ್ಣ. ಬಿಳಿ ಮೈ, ಮುಂದೆ ಓರೆ ಪಟ್ಟಿ ಇದ್ದರೆ ಕೋಸ್ಟ್ ಗಾರ್ಡ್. ಬೂದು ಇದ್ದರೆ ನೇವಿ. ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್‌ನಲ್ಲಿ ಕರೆದರೆ ಇಬ್ಬರಿಗೂ ಉತ್ತರ ಕೊಡಲೇಬೇಕು. ಕರೆದಾಗ ಸ್ವಲ್ಪ ಗಾಬರಿ ಆಗುತ್ತದೆ. ಬೋಟಿನ ಹೆಸರು, ಎಷ್ಟು ಜನ, ಎಲ್ಲಿಂದ ಬಂದದ್ದು ಇಷ್ಟು ಹೇಳಿದರೆ ಸುಮ್ಮನಾಗುತ್ತಾರೆ.

ಈಗ ಮಳೆಗಾಲದ ಮೀನುಗಾರಿಕೆ ಬಂದ್ ಇದೆ, ಜೂನ್ 1ರಿಂದ ಜುಲೈ 31ರವರೆಗೆ ನಾವು ದಡದಲ್ಲೇ. ಮೊಬೈಲ್ ನೋಡಲು ಪುರುಸೊತ್ತು ಜಾಸ್ತಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನೇರಮಾತು:
ಎಂಜಿನ್ ಕೋಣೆ ಸರ್, ಲೆಕ್ಕ ಚೆನ್ನಾಗಿದೆ. ಆದರೆ ದೂರ ಹೋಗಬಲ್ಲದು ಅನ್ನುವುದೇ ಕೆಲಸ ಆಗುವುದಿಲ್ಲ. ಹೋಗಿ ಏನು ಮಾಡಿತು?

ಕಡಲಕಾಗೆ:
ಸುನಯನಾದ್ದೇ ಹೇಳುತ್ತೇನೆ. 2018ರ ಡಿಸೆಂಬರ್‌ನಲ್ಲಿ ಯೆಮೆನ್‌ನ ಸೊಕೋತ್ರಾ ದ್ವೀಪದ ಹತ್ತಿರ ಒಂದು ಬೋಟನ್ನು ತಡೆದು ಹುಡುಕಿದಾಗ ನಾಲ್ಕು ಎಕೆ-47 ಮತ್ತು ಒಂದು ಲೈಟ್ ಮೆಷಿನ್ ಗನ್ ಸಿಕ್ಕಿತ್ತು. 2019ರ ಜೂನ್‌ನಲ್ಲಿ ಓಮನ್ ಕೊಲ್ಲಿಯಲ್ಲಿ ತೈಲ ಹಡಗುಗಳ ಮೇಲೆ ದಾಳಿ ಆದಾಗ ನೌಕಾಪಡೆ ಆಪರೇಷನ್ ಸಂಕಲ್ಪ್ ಶುರು ಮಾಡಿತು. ಮೊದಲು ಕಳಿಸಿದ್ದು ಡೆಸ್ಟ್ರಾಯರ್ (ಕ್ಷಿಪಣಿ ಹೊತ್ತ ದೊಡ್ಡ ಯುದ್ಧನೌಕೆ) ಐಎನ್‌ಎಸ್ ಚೆನ್ನೈ ಮತ್ತು ಇದೇ ಸುನಯನಾ. ನಮಗೆ ಬರುವ ಕಚ್ಚಾತೈಲದ ಹಡಗುಗಳು ಓಡಾಡುವ ದಾರಿ ಅದು. ಅಲ್ಲಿ ನಮ್ಮದೊಂದು ಬೂದು ಹಡಗು ಕಣ್ಣಿಗೆ ಬೀಳುತ್ತಿರಬೇಕು, ಅಷ್ಟೇ ಕೆಲಸ. ಅಷ್ಟನ್ನೇ ತಿಂಗಳುಗಟ್ಟಲೆ ಮಾಡುವುದಿದೆಯಲ್ಲ, ಅದು ಕಷ್ಟ.

ತೋಪಿನವ:
ಅಕ್ಕ ತಂಗಿಯರ ಲೆಕ್ಕ ಇನ್ನೂ ದೊಡ್ಡದು. ಸುಮಿತ್ರಾ 2024ರ ಜನವರಿ ಕೊನೆಯಲ್ಲಿ ಸೊಮಾಲಿಯಾದ ಪೂರ್ವಕ್ಕೆ ಕಾವಲಿನಲ್ಲಿತ್ತು. ಇಮಾನ್ ಅನ್ನುವ ಇರಾನಿನ ಮೀನುಗಾರಿಕೆ ಬೋಟನ್ನು ಕಡಲ್ಗಳ್ಳರು ಹಿಡಿದಿದ್ದರು. ಹೋಗಿ 17 ಜನರನ್ನು ಬಿಡಿಸಿದರು. ಅಲ್ಲಿಂದ ತಿರುಗಿ ಬರುವಷ್ಟರಲ್ಲಿ ಇನ್ನೊಂದು ಬೋಟಿನ ಸುದ್ದಿ ಬಂತು, ಅಲ್ ನಯೀಮಿ. ಅದರಲ್ಲಿ 19 ಜನ, ಎಲ್ಲರೂ ಪಾಕಿಸ್ತಾನದವರು. ಮತ್ತೆ ಓಡಿದರು, ಅವರನ್ನೂ ಬಿಡಿಸಿದರು. ಎರಡೂ ಕೆಲಸ 36 ಗಂಟೆಯೊಳಗೆ. ಕೊಚ್ಚಿಯಿಂದ 850 ನಾಟಿಕಲ್ ಮೈಲು ಪಶ್ಚಿಮಕ್ಕೆ.

ಅದೇ ವರ್ಷ ಮಾರ್ಚ್ ಕೊನೆಯಲ್ಲಿ ಸುಮೇಧಾ ಅಲ್ ಕಂಬರ್ ಅನ್ನುವ ಬೋಟನ್ನು ಅಡ್ಡಗಟ್ಟಿತು. ಆಮೇಲೆ ಐಎನ್‌ಎಸ್ ತ್ರಿಶೂಲ್ ಬಂದು ಸೇರಿತು. 12 ಗಂಟೆ ಹಿಡಿಯಿತು, 23 ಪಾಕಿಸ್ತಾನಿ ಮೀನುಗಾರರು ಉಳಿದರು. ಇಲ್ಲಿಯೂ ನೋಡಿ, ಮೊದಲು ಮುಟ್ಟಿದ್ದು ಕಾವಲು ಹಡಗು. ಕ್ಷಿಪಣಿ ಹೊತ್ತ ತ್ರಿಶೂಲ್ ಎರಡನೆಯದಾಗಿ ಬಂತು.

ಪರ್ಸೀನ್ ಬೋಟು:
ಮೀನು ಹಿಡಿಯುವವರಿಗೆ ಕಡಲ್ಗಳ್ಳರು ಯಾಕೆ ಬೀಳುತ್ತಾರೆ ಅಂತ ಕೆಲವರಿಗೆ ಅನ್ನಿಸಬಹುದು. ದುಡ್ಡಿಗಲ್ಲ. ಅವರಿಗೆ ಬೇಕಿರುವುದು ಬೋಟು. ಅವರದ್ದು ಸಣ್ಣ ಫೈಬರ್ ದೋಣಿ, ದೂರ ಹೋಗಲು ಆಗುವುದಿಲ್ಲ. ಮೀನಿನ ದೊಡ್ಡ ಬೋಟು ಹಿಡಿದರೆ ಅದರಲ್ಲಿ ಡೀಸೆಲ್ ಇದೆ, ಐಸ್ ಇದೆ, ಅಕ್ಕಿ ಇದೆ. ಸಣ್ಣ ದೋಣಿಯನ್ನು ಹಿಂದೆ ಕಟ್ಟಿಕೊಂಡು ಸರಕು ಹಡಗುಗಳ ದಾರಿಗೆ ಹೋಗಿ ಕಾಯುತ್ತಾರೆ. ಮೀನಿನವರು ಒಳಗೆ ಬಂದಿ. ದೂರದಿಂದ ನೋಡಿದರೆ ಬಲೆ ಹಾಕುವ ಬೋಟಿನ ಹಾಗೇ ಕಾಣುತ್ತದೆ.

19 ಜನ ಪಾಕಿಸ್ತಾನದವರೋ ಎಲ್ಲಿಯವರೋ, ಕಡಲಲ್ಲಿ ಸಿಕ್ಕಿಹಾಕಿಕೊಂಡವನಿಗೆ ಊರಿಲ್ಲ.

ಎಂಜಿನ್ ಕೋಣೆ:
ಪರ್ಸೀನ್ ಅಣ್ಣ ಹೇಳಿದ್ದೇ ಈ ಹಡಗು ಯಾಕೆ ಬೇಕು ಅನ್ನುವುದಕ್ಕೆ ಉತ್ತರ. ಯಾವುದು ಮೀನಿನ ಬೋಟು, ಯಾವುದು ಕಳ್ಳರ ಬೋಟು ಅಂತ ಕ್ಷಿಪಣಿಗೆ ಗೊತ್ತಾಗುವುದಿಲ್ಲ. ಹತ್ತಿರ ಹೋಗಬೇಕು. ಹೆಲಿಕಾಪ್ಟರ್ ಕಳಿಸಿ ಮೇಲಿಂದ ನೋಡಬೇಕು. ರಬ್ಬರ್ ಬೋಟು ಇಳಿಸಿ ಕಮಾಂಡೋಗಳನ್ನು ಹತ್ತಿಸಬೇಕು. ಹಾಗಾಗಿ ಹೆಲಿಕಾಪ್ಟರ್ ಡೆಕ್, ಕ್ರೇನು, ಸಣ್ಣ ದೋಣಿ ಇವೇ ಇದರ ನಿಜವಾದ ಆಯುಧ. ವಿವರದ ಪಟ್ಟಿಯಲ್ಲಿ ಇವು ಕೊನೇ ಸಾಲಿನಲ್ಲಿ ಬರುತ್ತವೆ, ಯಾರೂ ಓದುವುದಿಲ್ಲ.

ತೋಪಿನವ:
ಹೆಲಿಕಾಪ್ಟರ್ ಮಾತು ಬಂತಲ್ಲ, ಸೇರಿಸುತ್ತೇನೆ. ಈ ಹಡಗಿಗೆ ಧ್ರುವ್ ಇಲ್ಲವೇ ಚೇತಕ್ ಹೊಂದುತ್ತದೆ. ಎರಡೂ ನಮ್ಮ ಎಚ್‌ಎಎಲ್‌ನವು. 2025ರ ಜನವರಿ 5ರಂದು ಪೋರಬಂದರಿನಲ್ಲಿ ಕೋಸ್ಟ್ ಗಾರ್ಡ್‌ನ ಧ್ರುವ್ ಬಿದ್ದ ಮೇಲೆ ಧ್ರುವ್‌ಗಳ ಹಾರಾಟ ನಿಲ್ಲಿಸಿದ್ದರು. ಯಾನದ ಹೊತ್ತಿಗೂ ನೌಕಾಪಡೆಯ ಧ್ರುವ್‌ಗಳು ನಿಂತೇ ಇದ್ದವು. ಚೇತಕ್ ವಿನ್ಯಾಸ 1950ರ ದಶಕದ ಕೊನೆಯದು. ಅಜ್ಜ ಇನ್ನೂ ಡ್ಯೂಟಿಯಲ್ಲಿದ್ದಾನೆ.

ಹಳೇಸೇತುವೆ:
2015ರದ್ದನ್ನು ಯಾರೂ ಹೇಳಲಿಲ್ಲವಲ್ಲ. ಯೆಮೆನ್‌ನಲ್ಲಿ ಯುದ್ಧ ಶುರುವಾದಾಗ ಏಡನ್ ಬಂದರಿಗೆ ಮೊದಲು ಹೋದ ನಮ್ಮ ಹಡಗು ಸುಮಿತ್ರಾ. ಪಕ್ಕದಲ್ಲೇ ಏಡನ್ ಕೊಲ್ಲಿಯಲ್ಲಿ ಕಡಲ್ಗಳ್ಳರ ಕಾವಲಿಗೆ ಇತ್ತು, ಹಾಗೇ ತಿರುಗಿಸಿದರು. ಮಾರ್ಚ್ 31ರಂದು 349 ಜನರನ್ನು ಹತ್ತಿಸಿಕೊಂಡು ಜಿಬೂಟಿಗೆ ತಲುಪಿಸಿತು. ಹಡಗಿನ ಸಿಬ್ಬಂದಿಯೇ ನೂರು ಚಿಲ್ಲರೆ. ಅದರ ಮೂರು ಪಟ್ಟು ನೆಂಟರು. ಹೆಂಗಸರು, ಮಕ್ಕಳು ಎಲ್ಲ. ಒಂದು ರಾತ್ರಿ ಎಲ್ಲಿ ಮಲಗಿಸಿದರೋ, ಏನು ಬೇಯಿಸಿ ಹಾಕಿದರೋ, ಶೌಚಾಲಯ ಹೇಗೆ ಸಾಲಿತೋ. ಸೈನ್ಯದ ಸುದ್ದಿಯಲ್ಲಿ ಇದನ್ನು ಯಾರೂ ಬರೆಯುವುದಿಲ್ಲ. ನನಗೆ ಅದೇ ಕುತೂಹಲ.

ಅಡುಗೆಮನೆ ಕಿಟಕಿ:
ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. 2023ರಲ್ಲಿ ಸುಡಾನ್‌ನಲ್ಲಿ ನಮ್ಮ ಹಕ್ಕಿಪಿಕ್ಕಿ ಜನ ಸಿಕ್ಕಿಹಾಕಿಕೊಂಡಿದ್ದರಲ್ಲ, ಗಿಡಮೂಲಿಕೆ ಮಾರಲು ಹೋದವರು. ಅವರನ್ನು ಕರೆತಂದದ್ದೂ ಇದೇ ಹಡಗಾ?

ಕಡಲಕಾಗೆ:
ಆಗಿನ ಆಪರೇಷನ್ ಕಾವೇರಿಯಲ್ಲಿ ಪೋರ್ಟ್ ಸುಡಾನ್‌ನಿಂದ ಮೊದಲ ತಂಡವನ್ನು ತಂದದ್ದು ಸುಮೇಧಾ. ಏಪ್ರಿಲ್ 25ರಂದು 278 ಜನರನ್ನು ಕೆಂಪು ಸಮುದ್ರ ದಾಟಿಸಿ ಜೆಡ್ಡಾಕ್ಕೆ ಬಿಟ್ಟಿತು. ಅಲ್ಲಿಂದ ಊರಿಗೆ ವಿಮಾನ. ಆಮೇಲೆ ಬೇರೆ ಹಡಗುಗಳೂ ವಾಯುಪಡೆಯ ವಿಮಾನಗಳೂ ಸೇರಿ ಒಟ್ಟು 3,862 ಜನ ಬಂದರು. ನಮ್ಮವರು ಬೇರೆ ಬೇರೆ ತಂಡಗಳಲ್ಲಿ ಬಂದರು. ಕೆಲವರು ಇದ್ದದ್ದು ದೂರದ ಅಲ್ ಫಶೀರ್‌ನಲ್ಲಿ, ಬಂದರಿಗೆ ಬರುವುದೇ ದೊಡ್ಡ ಪಾಡು. ಹಾಗಾಗಿ ಎಲ್ಲರೂ ಸುಮೇಧಾದಲ್ಲೇ ಬಂದರು ಅಂತ ಹೇಳಲಾಗುವುದಿಲ್ಲ.

ನೇರಮಾತು:
ಒಪ್ಪಿದೆ, ಅರ್ಧ. ಜನರನ್ನು ಉಳಿಸುವ ಕೆಲಸಕ್ಕೆ ಸಲಾಂ. ಆದರೆ ಐಒಎಸ್ ಸಾಗರ್ ಬಗ್ಗೆ ಒಂದು ಸಂಶಯ ಉಳಿಯಿತು. ಬೇರೆ ದೇಶದ 44 ಜನರನ್ನು ನಮ್ಮ ಯುದ್ಧನೌಕೆಯೊಳಗೆ ತಿಂಗಳಿಡೀ ಓಡಾಡಲು ಬಿಡುವುದು ಸರಿಯಾ? ಗುಟ್ಟು ಅನ್ನುವುದು ಏನೂ ಇಲ್ಲವಾ?

ಎಂಜಿನ್ ಕೋಣೆ:
ನನಗೆ ಅನ್ನಿಸುವ ಹಾಗೆ ಅದಕ್ಕೇ ಈ ಹಡಗನ್ನು ಆರಿಸಿದ್ದು. ಬಚ್ಚಿಡುವಂಥದ್ದು ಇದರಲ್ಲಿ ಕಮ್ಮಿ. ಇದೇ ಮನೆತನದ ಎರಡು ಹಡಗನ್ನು ಗೋವಾದವರು ಶ್ರೀಲಂಕಾಕ್ಕೆ ಕಟ್ಟಿ ಮಾರಿದ್ದಾರೆ, ಸಯುರಲ ಮತ್ತು ಸಿಂದುರಲ. ಮಾರಿದ ಮೇಲೆ ಗುಟ್ಟೇನು ಬಂತು?

ಬಂದವರು ಯಾರು ನೋಡಿ. ಕೊಮೊರೊಸ್, ಕೆನ್ಯಾ, ಮಡಗಾಸ್ಕರ್, ಮಾಲ್ಡೀವ್ಸ್, ಮಾರಿಷಸ್, ಮೊಜಾಂಬಿಕ್, ಸೇಶೆಲ್ಸ್, ಶ್ರೀಲಂಕಾ, ತಾಂಜಾನಿಯಾ. ಸೇಶೆಲ್ಸ್‌ನ ಒಟ್ಟು ನೆಲ 460 ಚದರ ಕಿಲೋಮೀಟರ್ ಸಹ ಇಲ್ಲ. ನಮ್ಮ ಒಂದು ದೊಡ್ಡ ತಾಲ್ಲೂಕಿನ ಅರ್ಧ. ಆದರೆ ದಡದಿಂದ 200 ನಾಟಿಕಲ್ ಮೈಲಿನ ಲೆಕ್ಕದಲ್ಲಿ ಅದಕ್ಕೆ ಸೇರಿದ ಕಡಲು 13 ಲಕ್ಷ ಚದರ ಕಿಲೋಮೀಟರ್ ಆಸುಪಾಸು. ಅಷ್ಟನ್ನು ಕಾಯಲು ಅವರ ಹತ್ತಿರ ಇರುವುದು ಬೆರಳೆಣಿಕೆಯ ಬೋಟುಗಳು. ಅವರಿಗೆ ಕ್ಷಿಪಣಿ ಹಡಗಿನ ಪಾಠ ಹೇಳಿ ಏನು ಪ್ರಯೋಜನ? ಬೋಟು ತಡೆಯುವುದು ಹೇಗೆ, ಹತ್ತಿ ಹುಡುಕುವುದು ಹೇಗೆ, ಬೆಂಕಿ ಬಿದ್ದರೆ ಆರಿಸುವುದು ಹೇಗೆ, ಇದು ಬೇಕು. ಹೋಗುವ ದಾರಿಯಲ್ಲಿ ತಾಂಜಾನಿಯಾ, ಮೊಜಾಂಬಿಕ್, ಮಾರಿಷಸ್, ಸೇಶೆಲ್ಸ್ ಜೊತೆ ಅವರವರ ಕಡಲಿನಲ್ಲೇ ಜಂಟಿ ಕಾವಲು ನಡೆಸಿದ್ದಾರೆ. ಕೈ ಕುಲುಕಿದ್ದಷ್ಟೇ ಫೋಟೋದಲ್ಲಿ ಬಂತು.

ದಾರ್ ಎಸ್ ಸಲಾಮ್‌ನಲ್ಲಿ ಏಪ್ರಿಲ್ 13ರಿಂದ 18ರವರೆಗೆ ಐಕೇಮೆ ಅನ್ನುವ ಸಮರಾಭ್ಯಾಸವೂ ಇತ್ತು, ನಾವೂ ತಾಂಜಾನಿಯಾದವರೂ ಸೇರಿ ನಡೆಸಿದ್ದು. ಅಲ್ಲಿಗೆ ಐಎನ್‌ಎಸ್ ಚೆನ್ನೈ, ಐಎನ್‌ಎಸ್ ಕೇಸರಿ ಸಹ ಹೋಗಿದ್ದವು. 2019ರ ಜೋಡಿ ಮತ್ತೆ ಸೇರಿತು ಅನ್ನಿ.

ಲೈವ್ ಮ್ಯಾಪ್:
ಎಲ್ಲರೂ ಹಳೇದೇ ಮಾತಾಡುತ್ತಿದ್ದೀರಿ. ಈಗ ಸುನಯನಾ ಎಲ್ಲಿದೆ? ಹಡಗು ತೋರಿಸುವ ಆ್ಯಪ್‌ನಲ್ಲಿ ಹುಡುಕಿದೆ, ಸಿಗುತ್ತಿಲ್ಲ. ಕೊಚ್ಚಿಯಲ್ಲಿ ಯಾರಾದರೂ ಇದ್ದರೆ ಒಂದು ಫೋಟೋ ಹಾಕಿ. ಕಾರವಾರದವರು ನೆಲೆಯಲ್ಲಿ ಯಾವ ಯಾವ ಹಡಗು ನಿಂತಿದೆ ಅಂತ ಹಾಕಿದರೆ ಒಂದು ಪಟ್ಟಿ ಮಾಡೋಣ.

ಎಂಜಿನ್ ಕೋಣೆ:
ಸಿಗುವುದಿಲ್ಲ. ಆ ಆ್ಯಪ್‌ಗಳು ನಡೆಯುವುದು ಎಐಎಸ್ ಮೇಲೆ. ಹಡಗೇ ರೇಡಿಯೋದಲ್ಲಿ ತನ್ನ ಹೆಸರು, ಜಾಗ, ವೇಗ ಹೇಳುತ್ತಾ ಹೋಗುತ್ತದೆ, ಅದನ್ನು ದಡದ ಆ್ಯಂಟೆನಾ ಇಲ್ಲವೇ ಉಪಗ್ರಹ ಹಿಡಿಯುತ್ತದೆ. ಅಂತರರಾಷ್ಟ್ರೀಯ ಯಾನದ 300 ಟನ್ ಮೇಲಿನ ಸರಕು ಹಡಗಿಗೆ ಇದು ಕಡ್ಡಾಯ. ಯುದ್ಧನೌಕೆಗೆ ವಿನಾಯಿತಿ ಇದೆ. ಬೇಕೆಂದಾಗ ಹಾಕುತ್ತಾರೆ, ಬೇಡವೆಂದಾಗ ಆರಿಸುತ್ತಾರೆ. ಇಕ್ಕಟ್ಟಿನ ಜಲಮಾರ್ಗದಲ್ಲಿ ಡಿಕ್ಕಿ ಆಗಬಾರದು ಅಂತ ಹಾಕಿದಾಗಲೂ ಬರೀ ಯುದ್ಧನೌಕೆ ಅಂತ ಮಾತ್ರ ತೋರಿಸುವುದುಂಟು. ಇನ್ನೊಂದು, ಎಐಎಸ್‌ನಲ್ಲಿ ಸುಳ್ಳು ಜಾಗ ತೋರಿಸುವವರೂ ಇದ್ದಾರೆ. ಪರದೆ ಮೇಲೆ ಚುಕ್ಕಿ ಕಂಡ ತಕ್ಷಣ ಅಲ್ಲೇ ಹಡಗಿದೆ ಅಂತ ನಂಬಬೇಡಿ.

ಕಡಲಕಾಗೆ:
ಲೈವ್ ಮ್ಯಾಪ್ ಅವರೇ, ಫೋಟೋ ಬೇಡ, ಪಟ್ಟಿಯೂ ಬೇಡ. ಈ ಚರ್ಚೆ ಶುರು ಮಾಡಿದವನು ನಾನು, ಅದಕ್ಕೇ ಕಡ್ಡಿ ಮುರಿದ ಹಾಗೆ ಹೇಳುತ್ತಿದ್ದೇನೆ. ನಾನು ಮೇಲೆ ಬರೆದ ಓಡಾಟವೆಲ್ಲ ನೌಕಾಪಡೆಯೇ ಹೇಳಿದ್ದು, ಹಡಗು ಬಂದು ಹೋದ ಮೇಲೆ ಎಲ್ಲರಿಗೂ ಗೊತ್ತಾದದ್ದು. ಇವತ್ತು ಯಾವ ಜೆಟ್ಟಿಯಲ್ಲಿ ಏನು ನಿಂತಿದೆ ಅನ್ನುವುದು ಬೇರೆ. 2025ರ ಫೆಬ್ರುವರಿಯಲ್ಲಿ ಕಾರವಾರ ನೆಲೆಯ ಮಾಹಿತಿ ಹೊರಗೆ ಕೊಟ್ಟ ಆರೋಪದಲ್ಲಿ ನಮ್ಮ ಜಿಲ್ಲೆಯ ಇಬ್ಬರನ್ನು ಎನ್‌ಐಎ ಬಂಧಿಸಿದ್ದು ಮರೆತಿಲ್ಲ ಅಂದುಕೊಂಡಿದ್ದೇನೆ. ಏಪ್ರಿಲ್ 26ರಂದು ಮಾಹಿತಿ ಮತ್ತು ಪ್ರಸಾರ ಸಚಿವಾಲಯ ಸಹ ಹೇಳಿತ್ತು, ಪಡೆಗಳ ಓಡಾಟವನ್ನು ನೇರಪ್ರಸಾರ ಮಾಡಬೇಡಿ ಅಂತ.

ಲೈವ್ ಮ್ಯಾಪ್:
ಸರಿ ಸರಿ. ಕೆಟ್ಟ ಉದ್ದೇಶ ಇರಲಿಲ್ಲ. ಆ ಸಾಲು ಅಳಿಸುತ್ತೇನೆ. ಆದರೆ ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುವ ಹಡಗಿನಲ್ಲಿ ಗುಟ್ಟೇನಿದೆ ಅಂತ ಇನ್ನೂ ಅರ್ಥ ಆಗಿಲ್ಲ.

ಹಳೇಸೇತುವೆ:
ಒಬ್ಬನಿಗೆ ಒಂದು ಹಡಗು ಕಾಣುತ್ತದೆ, ಅದರಲ್ಲಿ ಗುಟ್ಟಿಲ್ಲ ತಮ್ಮ. ಹತ್ತು ಜನ ನೋಡಿದ್ದನ್ನು ಒಂದೇ ಕಡೆ ಬರೆದಿಟ್ಟರೆ ಯಾವುದು ಹೊರಗಿದೆ, ಯಾವುದು ಒಳಗಿದೆ, ಎಷ್ಟು ದಿನಕ್ಕೊಮ್ಮೆ ಹೊರಡುತ್ತದೆ ಎಲ್ಲ ತಾನಾಗಿ ತಿಳಿಯುತ್ತದೆ. ನೀವು ಮಾಡೋಣ ಅಂದ ಪಟ್ಟಿ ಅದೇ.

ಅಡುಗೆಮನೆ ಕಿಟಕಿ:
2025ರ ಮೇ 25ಕ್ಕೆ ಕೊಚ್ಚಿ ಹತ್ತಿರ ಕಂಟೇನರ್ ಹಡಗು ಮುಳುಗಿತಲ್ಲ, ಅಲ್ಲಿ ಜನರನ್ನು ಉಳಿಸಿದ್ದು ಸುನಯನಾ ಅಂತ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಬಂದಿತ್ತು.

ತೋಪಿನವ:
ಸುನಯನಾ ಅಲ್ಲ ಅಕ್ಕಾ, ಸುಜಾತಾ. ಹೆಸರೆಲ್ಲ ಸು ಅಂತಲೇ ಶುರುವಾಗುವುದರಿಂದ ಈ ಗೋಳು. ಎಂಎಸ್‌ಸಿ ಎಲ್ಸಾ 3 ಅನ್ನುವ ಹಡಗು ಅದು, 640 ಕಂಟೇನರ್, 24 ಸಿಬ್ಬಂದಿ. 21 ಜನರನ್ನು ಕೋಸ್ಟ್ ಗಾರ್ಡ್ ಉಳಿಸಿತು. ಹಡಗನ್ನು ಹೇಗಾದರೂ ಉಳಿಸಬಹುದಾ ಅಂತ ಕ್ಯಾಪ್ಟನ್ ಮತ್ತು ಇಬ್ಬರು ಎಂಜಿನಿಯರ್‌ಗಳು ಅದರಲ್ಲೇ ಉಳಿದಿದ್ದರು. ಬೆಳಿಗ್ಗೆ ಅದು ಪೂರ್ತಿ ವಾಲಿದಾಗ ಆ ಮೂವರನ್ನು ತಂದದ್ದು ಐಎನ್‌ಎಸ್ ಸುಜಾತಾ.

ಸುಜಾತಾ 1990ರ ದಶಕದ ಹಡಗು, ಸುಕನ್ಯಾ ವರ್ಗ. ಸುನಯನಾದ ಹಿಂದಿನ ತಲೆಮಾರು. ಇದಕ್ಕಿಂತಲೂ ಕಮ್ಮಿ ಆಯುಧ. ಇದೇ ವರ್ಗದ ಸುಭದ್ರಾ 2024ರ ಮಾರ್ಚ್‌ನಲ್ಲಿ ಕಡಲ್ಗಳ್ಳರು ಹಿಡಿದಿದ್ದ ರುಯೆನ್ ಹಡಗು ಬಿಡಿಸುವಾಗ ಐಎನ್‌ಎಸ್ ಕೋಲ್ಕತಾ ಜೊತೆಗಿತ್ತು. ಶರಣಾದ ಕಡಲ್ಗಳ್ಳರು 35.

ಎಂಜಿನ್ ಕೋಣೆ:
ಆ ಇಬ್ಬರು ಎಂಜಿನಿಯರ್‌ಗಳು ಕೊನೆಯವರೆಗೆ ಉಳಿದದ್ದು ಓದಿ ನನಗೆ ಹೊಟ್ಟೆಯಲ್ಲಿ ಒಂಥರಾ ಆಯಿತು. ಹಡಗು ವಾಲಿದಾಗ ಎಂಜಿನ್ ಕೋಣೆಗೆ ಇಳಿಯುವುದು ಏನು ಅಂತ ಇಳಿದವರಿಗೇ ಗೊತ್ತು. ಅಷ್ಟೇ ಹೇಳುತ್ತೇನೆ.

ನೇರಮಾತು:
ಮುಂದೆ? ಈ ನಾಲ್ಕು, ಆ ಹಳೇವು, ಇಷ್ಟೇನಾ?

ತೋಪಿನವ:
ಹೊಸವು ಬರುತ್ತಿವೆ. 2023ರ ಮಾರ್ಚ್ 30ರಂದು 11 ಹೊಸ ಕಾವಲು ಹಡಗುಗಳಿಗೆ 9,781 ಕೋಟಿ ರೂಪಾಯಿಯ ಒಪ್ಪಂದ ಆಯಿತು. 7 ಗೋವಾ ಶಿಪ್‌ಯಾರ್ಡ್‌ಗೆ, 4 ಕೋಲ್ಕತ್ತಾದ ಶಿಪ್‌ಯಾರ್ಡ್ ಜಿಆರ್‌ಎಸ್‌ಇಗೆ. ಸುನಯನಾಗಿಂತ ದೊಡ್ಡವು, 3,000 ಟನ್ ಹತ್ತಿರ. ತಲಾ 900 ಕೋಟಿ ಬಿತ್ತು ಅನ್ನಿ. ಒಂದು ಡೆಸ್ಟ್ರಾಯರ್‌ಗೆ ಇದರ ಎಷ್ಟೋ ಪಟ್ಟು ಬೇಕು. ಡೆಸ್ಟ್ರಾಯರ್ ಕಳಿಸಿ ಮೀನಿನ ಬೋಟು ತಪಾಸಣೆ ಮಾಡಿಸುವುದು ಅಂದರೆ ಹಾಲು ತರಲು ಲಾರಿ ತೆಗೆದುಕೊಂಡು ಹೋದ ಹಾಗೆ. ನೇರಮಾತು ಅವರೇ, ದುಡ್ಡಿನ ಲೆಕ್ಕ ಎತ್ತಿದ್ದು ನೀವೇ.

ನೇರಮಾತು:
ಎತ್ತಿದ್ದು ನಾನೇ, ಒಪ್ಪಿಕೊಂಡೆ. ಆದರೂ ಆ 11ರ ಮೇಲಾದರೂ ಕ್ಷಿಪಣಿಗೆ ಒಂದಿಷ್ಟು ಜಾಗ ಬಿಟ್ಟಿರಲಿ ಅನ್ನುವುದು ನನ್ನ ಹಟ. ಹಟಕ್ಕೆ ದುಡ್ಡು ಕೊಡಬೇಕಾಗಿಲ್ಲವಲ್ಲ.

ಕಡಲಕಾಗೆ:
ಮೊದಲ ಬರಹದಲ್ಲಿ ಮೂರು ಬದಲಾವಣೆ ಮಾಡುತ್ತಿದ್ದೇನೆ. ಹೆಲಿಕಾಪ್ಟರ್ ಡೆಕ್ ಮತ್ತು ಸಣ್ಣ ದೋಣಿಗಳ ಸಾಲನ್ನು ಕೊನೆಯಿಂದ ಎತ್ತಿ ಮೊದಲಿಗೆ ಹಾಕುತ್ತೇನೆ. 25 ನಾಟ್ ಪಕ್ಕದಲ್ಲಿ ಹಬ್ಬದ ಬಟ್ಟೆ ಅಂತ ಬರೆಯುತ್ತೇನೆ. ಸುಜಾತಾ ಬೇರೆ, ಸುನಯನಾ ಬೇರೆ ಅನ್ನುವುದನ್ನು ದಪ್ಪ ಅಕ್ಷರದಲ್ಲಿ ಹಾಕುತ್ತೇನೆ, ಅಕ್ಕನ ವಾಟ್ಸಾಪ್ ಗುಂಪಿಗೆ ಕಳಿಸಲು ಅನುಕೂಲ.

ಪರ್ಸೀನ್ ಅಣ್ಣ, ಆಗಸ್ಟ್ 1ಕ್ಕೆ ನೀವು ಕಡಲಿಗೆ ಇಳಿದ ಮೇಲೆ 16ನೇ ಚಾನೆಲ್‌ನಲ್ಲಿ ಬೂದು ಹಡಗು ಕರೆದರೆ ಇಲ್ಲಿ ಮಾತ್ರ ಹೇಳಬೇಡಿ.

ಪರ್ಸೀನ್ ಬೋಟು:
ಹೇಳುವುದಿಲ್ಲ. ಅಲ್ಲಿ ನೆಟ್‌ವರ್ಕೂ ಸಿಗುವುದಿಲ್ಲ ಬಿಡಿ.